ಕಂಬಳಿ ಪುಸ್ತಕ: ಕೊಡಗಿನ ಒಂದು ಕಾಫಿ ಕಂಪನಿಯ ಪ್ರಕರಣ

ಕಂಪನಿಯ ಹೆಸರು ಹೇಳುವುದಿಲ್ಲ, ಊರಿನದ್ದೂ ಇಲ್ಲ. ದಕ್ಷಿಣ ಕೊಡಗು ಅಂತ ಇಟ್ಟುಕೊಳ್ಳಿ, ಸಾಕು. ಮನೆಗಳ ಲೆಕ್ಕ, ಜನರ ಲೆಕ್ಕ ಸ್ವಲ್ಪ ಆಚೀಚೆ ಮಾಡಿದ್ದೇನೆ. ತೋಟದ ಕಡೆಯವರಿಗೆ ಎಲ್ಲಾದರೂ ಗುರುತು ಸಿಕ್ಕಿದರೆ ದಯವಿಟ್ಟು ನಿಮ್ಮಲ್ಲೇ ಇಟ್ಟುಕೊಳ್ಳಿ.

ನಾನು ಅಲ್ಲಿ ಕಲ್ಯಾಣಾಧಿಕಾರಿ ಆಗಿದ್ದೆ. 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆ ಪ್ರಕಾರ 300 ಅಥವಾ ಅದಕ್ಕಿಂತ ಜಾಸ್ತಿ ಕೆಲಸದವರಿರುವ ತೋಟದಲ್ಲಿ ಇಂಥ ಒಬ್ಬರು ಇರಲೇಬೇಕಿತ್ತು. (2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಈ ಪ್ರಕರಣ ಅದಕ್ಕಿಂತ ಮುಂಚಿನದು.) ಇರಲೇಬೇಕು ಅನ್ನುವ ಒಂದೇ ಕಾರಣಕ್ಕೆ ನನ್ನನ್ನು ಇಟ್ಟುಕೊಂಡಿದ್ದಾರೆ ಅಂತ ಮೊದಲ ತಿಂಗಳಲ್ಲೇ ಅರ್ಥ ಆಯಿತು. ಮೇಜಿನ ಮೇಲೆ ಎರಡು ಫೈಲ್ ಇದ್ದವು. ಒಂದರ ಮೇಲೆ ‘ಲೇಬರ್’, ಇನ್ನೊಂದರ ಮೇಲೆ ‘ಗ್ರಾಮಸ್ಥರು’. ಈ ಎರಡು ಫೈಲ್ ಒಂದಕ್ಕೊಂದು ಹೇಗೆ ಅಂಟಿಕೊಂಡವು ಅನ್ನೋದೇ ಈ ಪ್ರಕರಣ.

ತೋಟ ಮತ್ತು ತೋಡು

ಮೂರು ಡಿವಿಷನ್, ಕಾಯಂ ಮತ್ತು ಟೆಂಪರರಿ ಸೇರಿ ಸುಮಾರು 400 ಜನ. ಕುಯ್ಲಿನ ಕಾಲದಲ್ಲಿ ಅಸ್ಸಾಂನಿಂದ ಬಂದವರೂ ಸೇರಿ ಇನ್ನೂ ಜಾಸ್ತಿ. ಎತ್ತರದ ಡಿವಿಷನ್‌ನಲ್ಲಿ ಅರೇಬಿಕಾ, ಉಳಿದ ಎರಡರಲ್ಲಿ ರೋಬಸ್ಟಾ, ನೆರಳಿನ ಮರಗಳಿಗೆಲ್ಲ ಮೆಣಸಿನ ಬಳ್ಳಿ. ಆಫೀಸಿನ ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ, ಅದರ ಕೆಳಗೆ ಕಣ, ಕಣದ ಕೆಳಗೆ ಲೈನ್ ಮನೆಗಳ ಸಾಲು. ಲೈನ್ ಮನೆ ನೋಡದವರಿಗೆ ಹೇಳುತ್ತೇನೆ: ಒಂದೇ ಉದ್ದನೆ ಮಾಡಿನ ಕೆಳಗೆ ಹತ್ತೋ ಹನ್ನೆರಡೋ ಸಂಸಾರ, ಒಂದು ಕೋಣೆ, ಒಂದು ಒಲೆ, ಮುಂದೆ ಒಂದಿಷ್ಟು ಜಗಲಿ. ಒಂದು ಮನೆಯ ಕೆಮ್ಮು ಹನ್ನೆರಡು ಮನೆಗೂ ಕೇಳುತ್ತದೆ.

ತೋಟದ ಅಂಚಿನಲ್ಲಿ ಒಂದು ತೋಡು ಹರಿಯುತ್ತದೆ. ಅದು ಮುಂದೆ ಹೊಳೆ ಸೇರಿ, ಹೊಳೆ ಕಾವೇರಿ ಸೇರುತ್ತದೆ. ತೋಟದಿಂದ ಅರ್ಧ ಮೈಲಿ ಕೆಳಗೆ, ಪೈಸಾರಿ (ಸರ್ಕಾರಿ ಪಾಳು) ಜಾಗದಲ್ಲಿ ಒಂದು ಹಾಡಿ, ಅಂದರೆ ಗುಡಿಸಲುಗಳ ಸಣ್ಣ ಕೇರಿ. ಮೂವತ್ತು ಚಿಲ್ಲರೆ ಮನೆ. ನನ್ನ ಮೇಜಿನ ಮೇಲಿನ ಎರಡನೇ ಫೈಲಿನಲ್ಲಿ ಇದ್ದವರು ಇವರೇ.

ಆದರೆ ಈ ‘ಗ್ರಾಮಸ್ಥರು’ ಯಾರು? ಒಂದು ಭಾನುವಾರ ಸುಮ್ನೆ ಹೋಗಿ ಮಾತಾಡಿಸಿದಾಗ ಗೊತ್ತಾಯಿತು, ಅರ್ಧಕ್ಕಿಂತ ಜಾಸ್ತಿ ಮನೆಯವರು ನಮ್ಮ ತೋಟದಲ್ಲೇ ಬದುಕು ಸವೆಸಿದವರು. ವಯಸ್ಸಾಯಿತು, ಲೈನ್ ಮನೆ ಬಿಡಬೇಕಾಯಿತು, ಹೋಗೋಕೆ ಬೇರೆ ಊರಿಲ್ಲ, ಹಾಗಾಗಿ ತೋಡಿನ ಕೆಳಗೆ ಗುಡಿಸಲು ಹಾಕಿಕೊಂಡರು. ಕೆಲಸ ಮಾಡುವಾಗ ಲೇಬರ್, ಬಿಟ್ಟ ಮೇಲೆ ಗ್ರಾಮಸ್ಥರು. ಜನ ಅವರೇ, ಫೈಲ್ ಮಾತ್ರ ಬೇರೆ.

8 ಲಕ್ಷ ಖರ್ಚು ಮಾಡುವ ಕಷ್ಟ

2023-24ರಲ್ಲಿ ರೋಬಸ್ಟಾಕ್ಕೆ ಹಿಂದೆಂದೂ ಕಾಣದ ಬೆಲೆ ಬಂತು. ಕೊಡಗಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಆ ವರ್ಷ ಕಣದಲ್ಲಿ ಒಣಗೋ ಚೆರಿಗೆ ರಾತ್ರಿ ಕಾವಲು ಹಾಕಿದ ತೋಟ ಎಷ್ಟೋ. ನಮ್ಮ ಕಂಪನಿಯ ಲಾಭ ಮೊದಲ ಸಲ 5 ಕೋಟಿ ದಾಟಿತು. ದಾಟಿದ ಕೂಡಲೇ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಕೆಳಗೆ ಬಂದೆವು. 500 ಕೋಟಿ ನಿವ್ವಳ ಆಸ್ತಿ, 1000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ಅಂತ ಎಲ್ಲರೂ ಹೇಳೋದು ಇದನ್ನೇ. ನಮ್ಮ ಲೆಕ್ಕಕ್ಕೆ ಸುಮಾರು 8 ಲಕ್ಷ ಬಂತು, ಅದೂ ಮಾರ್ಚ್ 31ರ ಒಳಗೆ.

8 ಲಕ್ಷ ದೊಡ್ಡ ಮೊತ್ತವೇನಲ್ಲ. ಆದರೆ ಮೊದಲ ಸಲ ಅಲ್ವಾ, ಎಲ್ಲರಿಗೂ ಹುರುಪು. ಒಬ್ಬ ಡೈರೆಕ್ಟರಿಗೆ ಮುಖ್ಯ ರಸ್ತೆಯಲ್ಲಿ ಬಸ್ ತಂಗುದಾಣ ಕಟ್ಟಿಸಿ ಮೇಲೆ ಕಂಪನಿಯ ಹೆಸರು ಹಾಕಿಸುವ ಆಸೆ. ನಕ್ಷೆ ಕೂಡ ಬಂದಿತ್ತು. ನಕ್ಷೆಯಲ್ಲಿ ಹೆಸರಿನ ಅಕ್ಷರಗಳು ತಂಗುದಾಣದ ಬೆಂಚಿಗಿಂತ ಉದ್ದ ಇದ್ದವು.

ಮೀಟಿಂಗಿನಲ್ಲಿ ನಾನು ಎದ್ದುನಿಂತು ಬೇರೆ ಸಲಹೆ ಕೊಟ್ಟೆ. ಲೈನ್ ಮನೆಗಳ ಮಾಡು ಸೋರುತ್ತಿದೆ, ಎರಡು ಸಾಲಿನ ಶೀಟ್ ಪೂರ್ತಿ ಬದಲಿಸಬೇಕು, ಈ ಹಣ ಅದಕ್ಕೇ ಹಾಕೋಣ ಅಂದೆ. ದೊಡ್ಡ ನ್ಯಾಯದ ಮಾತು ಆಡಿದೆ ಅಂತ ನನಗೇ ಒಳಗೊಳಗೆ ಖುಷಿ.

ಆಡಿಟರ್ ತಲೆ ಎತ್ತಿ ನೋಡಿದರು. “ಇದು ಸಿಎಸ್‌ಆರ್‌ಗೆ ಬರಲ್ಲ” ಅಂದರು. ಕಂಪನಿಯ ಕೆಲಸದವರಿಗೆ ಮಾತ್ರ ಉಪಯೋಗ ಆಗುವ ಖರ್ಚು ಸಿಎಸ್‌ಆರ್ ಅಲ್ಲ. ಬೇರೆ ಯಾವುದೇ ಕಾನೂನಿನ ಪ್ರಕಾರ ಹೇಗೂ ಮಾಡಲೇಬೇಕಾದ ಖರ್ಚೂ ಅಲ್ಲ. ಲೈನ್ ಮನೆ ಎರಡಕ್ಕೂ ಸಿಗುತ್ತದೆ: ಅದು ಕೆಲಸದವರದ್ದು, ಮತ್ತು ಮನೆ ಕೊಟ್ಟು ಸರಿಯಾಗಿ ಇಡುವುದು ಆಗಿನ ಪ್ಲಾಂಟೇಶನ್ ಕಾಯ್ದೆಯಲ್ಲೇ ಇದ್ದ ಜವಾಬ್ದಾರಿ.

ಡೈರೆಕ್ಟರ್ ಕೇಳಿದರು, “ಹಾಗಾದ್ರೆ ನಮ್ಮ ಕೆಲಸದವರಿಗೆ ಮಾಡಿದ್ದು ಸಮಾಜ ಸೇವೆ ಅಲ್ವಾ?”

“ಅಲ್ಲ ಸರ್. ಅದು ಬಾಕಿ.”

ಆಡಿಟರ್ ಇದನ್ನು ಏನೂ ಭಾವ ಇಲ್ಲದೆ, ಕನ್ನಡಕ ಒರೆಸುತ್ತಾ ಹೇಳಿದರು. ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಕೆಲಸದವರ ಪರ ಇದ್ದೇನೆ ಅಂದುಕೊಂಡು ನಾನೇ ಅವರ ಹಕ್ಕನ್ನು ದಾನದ ಪಟ್ಟಿಗೆ ಸೇರಿಸಲು ಹೊರಟಿದ್ದೆ. ಇದೇ ತಪ್ಪನ್ನು ಒಳ್ಳೆ ಮನಸ್ಸಿನಿಂದಲೇ ಮಾಡುವ ಮ್ಯಾನೇಜರ್‌ಗಳನ್ನು ಆಮೇಲೂ ನೋಡಿದ್ದೇನೆ.

ಸರಿ, ಮಾಡು ಹೋಯಿತು, ತಂಗುದಾಣ ನನಗೆ ಇಷ್ಟ ಇಲ್ಲ. ಕೊನೆಗೆ ಹಾಡಿಗೆ ಒಂದು ಬೋರ್‌ವೆಲ್ ಅಂತ ತೀರ್ಮಾನ ಆಯಿತು. ಕುಡಿಯುವ ನೀರು ಕಾನೂನಿನ ಪಟ್ಟಿಯಲ್ಲೇ ಇದೆ, ಸುತ್ತಲಿನ ಊರಿಗೆ ಆದ್ಯತೆ ಕೊಡಿ ಅಂತಲೂ ಇದೆ. ಎಲ್ಲ ಸರಿಯಾಗಿದೆ ಅನ್ನಿಸಿತು. ಹಾಡಿಯವರಿಗೆ ಯಾಕೆ ನೀರಿಲ್ಲ ಅಂತ ಆ ಮೀಟಿಂಗಿನಲ್ಲಿ ಯಾರೂ ಕೇಳಲಿಲ್ಲ. ಉತ್ತರ ಕೆಲವರಿಗಾದರೂ ಗೊತ್ತಿತ್ತು. ನನಗೂ ಅರ್ಧಂಬರ್ಧ ಗೊತ್ತಿತ್ತು.

ಏಡಿಗಳು

ಜನವರಿ ಕೊನೆಯ ವಾರ ಹಾಡಿಯಲ್ಲಿ ಸಭೆ ಸೇರಿಸಿದೆವು. ಮಧ್ಯಾಹ್ನ ಮೂರಕ್ಕೆ. ಐದಕ್ಕೆ ಮುಗಿಸಲೇಬೇಕು, ಆಮೇಲೆ ಆ ದಾರಿ ಆನೆಗಳದ್ದು. ಮ್ಯಾನೇಜರ್, ನಾನು, ತೋಟದ ಲೆಕ್ಕ ಬರೆಯುವ ನಮ್ಮ ಹಳೆ ರೈಟರ್ ಮತ್ತು ಪಂಚಾಯಿತಿ ಮೆಂಬರ್ ಒಬ್ಬರು.

ಬೋರ್‌ವೆಲ್ ವಿಷಯ ಹೇಳಿದೆ. ಚಪ್ಪಾಳೆ ನಿರೀಕ್ಷೆ ಮಾಡಿರಲಿಲ್ಲ, ಆದರೆ ಒಂದು ಮಾತಾದರೂ ಬರುತ್ತದೆ ಅಂದುಕೊಂಡಿದ್ದೆ. ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಎದ್ದರು. ನಮ್ಮ ತೋಟದಲ್ಲೇ ಇದ್ದವರು, ಕೆಲಸ ಬಿಟ್ಟು ಮೂರ್ನಾಲ್ಕು ವರ್ಷ ಆಗಿತ್ತು.

“ಅಯ್ಯಾ, ಬರುವಾಗ ಏಡಿ ನೋಡಿದ್ರಾ?”

ಇಲ್ಲ ಅಂದೆ. ಬನ್ನಿ ಅಂತ ಕರೆದುಕೊಂಡು ಹೋದರು.

ತೋಡಿನ ದಂಡೆಯ ಕೆಸರಿನಲ್ಲಿ, ಕಲ್ಲುಗಳ ಮೇಲೆ, ಮರದ ಬೇರುಗಳ ಮೇಲೆ ಏಡಿಗಳು ಹತ್ತಿ ಕೂತಿದ್ದವು. ಹತ್ತಿಪ್ಪತ್ತು ಅಲ್ಲ, ಕಣ್ಣು ಹೋದಷ್ಟೂ ಇದ್ದವು. ಹಗಲು ಹೊತ್ತಿನಲ್ಲಿ ಕಲ್ಲಿನ ಸಂದಿಯಲ್ಲಿ ಅಡಗಿರುವ ಪ್ರಾಣಿ ಅದು, ಹಿಡಿಯಬೇಕಾದರೆ ಕಲ್ಲು ಎತ್ತಬೇಕು. ಇಲ್ಲಿ ಕಾಲು ಇಟ್ಟರೂ ಓಡುತ್ತಿರಲಿಲ್ಲ. ಬಾಯಿಯ ಹತ್ತಿರ ಸಣ್ಣ ನೊರೆ. ನೀರು ಚಾ ಕಷಾಯದ ಬಣ್ಣ, ಮೇಲೆ ಅಲ್ಲಲ್ಲಿ ಕಾಫಿ ಹಣ್ಣಿನ ಸಿಪ್ಪೆ. ವಾಸನೆ ಹುಳಿ ಬಂದ ಗಂಜಿಯದ್ದು.

ಪಲ್ಪಿಂಗ್ ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ವಿವರ ಬೇಕು. ಹಣ್ಣಾದ ಕಾಫಿಯನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದರೆ ಅದು ಚೆರಿ. ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಲೋಳೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಪಾರ್ಚ್‌ಮೆಂಟ್‌ಗೆ ಬೆಲೆ ಜಾಸ್ತಿ, ಆದರೆ ನೀರು ಬೇಕು, ತುಂಬಾ ಬೇಕು. ತೊಳೆದ ನೀರಿನಲ್ಲಿ ಹಣ್ಣಿನ ಸಕ್ಕರೆ ಇರುತ್ತದೆ. ಅದು ಹುಳಿಯುತ್ತಾ ಹುಳಿಯುತ್ತಾ ನೀರಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಜಾಸ್ತಿ) 4ರ ಆಸುಪಾಸಿಗೆ ಇಳಿಯುತ್ತದೆ. ಆ ಸಕ್ಕರೆ ತಿನ್ನುವ ಸೂಕ್ಷ್ಮಜೀವಿಗಳು ನೀರಿನೊಳಗಿನ ಆಮ್ಲಜನಕವನ್ನೆಲ್ಲ ಎಳೆದುಬಿಡುತ್ತವೆ. ವಿಷ ಬೆರೆಸಬೇಕಾಗಿಲ್ಲ, ಸಕ್ಕರೆ ಸಾಕು. ಮೀನು ಸಾಯುತ್ತದೆ. ಏಡಿಗೆ ಕಾಲಿದೆ, ಅದು ದಂಡೆಗೆ ಬರುತ್ತದೆ.

ತೋಡಿನ ಪಕ್ಕದಲ್ಲೇ ಹಾಡಿಯ ಬಾವಿ. ಅದರ ನೀರೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾಸನೆ.

“ಬೋರ್‌ವೆಲ್ ನಮಗಾಯ್ತು. ದನಕ್ಕೆ ಏನು? ಬಟ್ಟೆ ಎಲ್ಲಿ ಒಗೀಬೇಕು? ಮೋಟ್ರಿನ ಕರೆಂಟ್ ಬಿಲ್ ನೀವು ಕಟ್ತೀರಾ?” ಅಜ್ಜಿ ಜೋರು ಮಾಡಲಿಲ್ಲ, ಒಂದೊಂದೇ ಕೇಳುತ್ತಾ ಹೋದರು. “ಮೇಲಿಂದ ಹೊಲಸು ಬಿಡೋರೂ ನೀವೇ, ಕೆಳಗೆ ಬಂದು ನೀರು ಕೊಡ್ತೀವಿ ಅನ್ನೋರೂ ನೀವೇ. ಏನೂ ಕೊಡಬೇಡಿ ಅಯ್ಯಾ, ತೋಡು ಬಿಟ್ಟುಬಿಡಿ.”

ಮ್ಯಾನೇಜರ್ ಸಿಟ್ಟಾದರು ಅಂದುಕೊಂಡೆ. ಅವರು ಬಗ್ಗಿ ಒಂದು ಏಡಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅವರೂ ಇದೇ ಜಿಲ್ಲೆಯವರು, ಚಿಕ್ಕಂದಿನಲ್ಲಿ ಗದ್ದೆ ಬದುವಿನಲ್ಲಿ ಏಡಿ ಹಿಡಿದವರೇ. ಜೀಪಿನಲ್ಲಿ ವಾಪಸ್ ಬರುವಾಗ ಒಂದೇ ಮಾತು ಹೇಳಿದರು: “ಬೋರ್‌ವೆಲ್ ಕ್ಯಾನ್ಸಲ್ ಮಾಡಿ.”

ಸುಣ್ಣ, ಆಮೇಲೆ ರೈಟರ್ ಮಾತು

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಪಲ್ಪರ್ ನೀರು ನಿಲ್ಲುವ ಗುಂಡಿಗೆ ಸುಣ್ಣ ಸುರಿದೆವು. ಪಿಎಚ್ ಕಾಗದದ ಬಣ್ಣ ಸರಿಹೋಯಿತು, ಫೋಟೋ ತೆಗೆದು ಡೈರೆಕ್ಟರುಗಳಿಗೆ ಕಳಿಸಿದ್ದೂ ಆಯಿತು. ಎಂಟು ದಿನ ಬಿಟ್ಟು ನೋಡಿದರೆ ಏಡಿಗಳು ದಂಡೆಯ ಮೇಲೇ ಇವೆ. ಸುಣ್ಣ ಹುಳಿಯನ್ನು ತಗ್ಗಿಸುತ್ತದೆ, ಸಕ್ಕರೆಯನ್ನು ತೆಗೆಯುವುದಿಲ್ಲ. ಸುಣ್ಣ ಹಾಕಿದ ಮೇಲೆ ಆ ನೀರು ದೊಡ್ಡ ಕೊಳಗಳಲ್ಲಿ ವಾರಗಟ್ಟಲೆ ನಿಂತು, ಮೊದಲು ಗಾಳಿಯಿಲ್ಲದೆ ಕೊಳೆತು, ಆಮೇಲೆ ಗಾಳಿ ಕುಡಿದು ತಿಳಿಯಾಗಬೇಕು. ನಮ್ಮ ಗುಂಡಿ ಎರಡು ದಿನದ ನೀರಿಗೇ ತುಂಬುತ್ತಿತ್ತು. ಕುಯ್ಲಿನ ಮಧ್ಯದಲ್ಲಿ ಕೊಳ ತೋಡಿಸಲು ಜನ ಎಲ್ಲಿಂದ ಬರಬೇಕು? ತೋಡಿದರೂ ಸುತ್ತ ಬೇಲಿ ಇಲ್ಲದಿದ್ದರೆ ಒಂದು ರಾತ್ರಿ ಆನೆಮರಿ ಬಿದ್ದಿರುತ್ತದೆ, ಅದು ಬೇರೆ ಕಥೆ.

ಫೆಬ್ರವರಿ ಮೊದಲ ವಾರ ಆಫೀಸಿನಲ್ಲಿ ಕೂತಿದ್ದೆವು. ಪಲ್ಪರ್ ನಿಲ್ಲಿಸಿದರೆ ಎಷ್ಟು ನಷ್ಟ, ಹೊಸ ಮಿಷನ್‌ಗೆ ಎಷ್ಟು, ಇದೇ ಚರ್ಚೆ. ನಮ್ಮ ರೈಟರ್ ಮೂವತ್ತು ವರ್ಷದಿಂದ ಅದೇ ತೋಟದಲ್ಲಿ ಇದ್ದವರು, ಮೀಟಿಂಗಿನಲ್ಲಿ ಸಾಮಾನ್ಯವಾಗಿ ಮಾತಾಡುವುದಿಲ್ಲ. ಚಾ ಲೋಟ ಕೆಳಗಿಟ್ಟು ಹೇಳಿದರು:

“ಅರೇಬಿಕಾ ಕಾಲಕ್ಕೆ ತೋಡಲ್ಲಿ ನೀರುಂಟು ಸಾರ್. ರೋಬಸ್ಟಾ ಕಾಲಕ್ಕೆ ಪಲ್ಪರ್ ನೀರೇ ತೋಡು.”

ಇಷ್ಟೇ. ಆದರೆ ವಿಷಯ ಪೂರ್ತಿ ಅದರಲ್ಲಿತ್ತು. ಅರೇಬಿಕಾ ನವೆಂಬರ್, ಡಿಸೆಂಬರ್‌ನಲ್ಲಿ ಹಣ್ಣಾಗುತ್ತದೆ. ಆಗ ಮಳೆಗಾಲದ ಒರತೆ ಇನ್ನೂ ಜೀವಂತ. ರೋಬಸ್ಟಾ ಕುಯ್ಲು ಜನವರಿಯಿಂದ ಮಾರ್ಚ್‌ವರೆಗೆ, ತೋಡು ಬರೀ ಎಳೆಯಾಗುವ ಸಮಯಕ್ಕೆ ಸರಿಯಾಗಿ. ಹಿಂದೆ ಈ ತೋಟದಲ್ಲಿ ರೋಬಸ್ಟಾವನ್ನು ಪೂರ್ತಿ ಚೆರಿಯೇ ಮಾಡುತ್ತಿದ್ದರಂತೆ. ಬೆಲೆಯ ಆಸೆಗೆ ಕೆಲವು ವರ್ಷಗಳಿಂದ ಅದನ್ನೂ ಪಲ್ಪರ್‌ಗೆ ಹಾಕಲು ಶುರು ಮಾಡಿದ್ದರು. ಹಾಡಿಯವರ ದೂರು ಶುರುವಾದದ್ದೂ ಆಗಲೇ. ಫೈಲ್ ಬೇರೆ ಬೇರೆ ಇದ್ದದ್ದರಿಂದ ಈ ಎರಡು ತಾರೀಖನ್ನು ಯಾರೂ ಪಕ್ಕ ಪಕ್ಕ ಇಟ್ಟು ನೋಡಿರಲಿಲ್ಲ.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ತೋಡಿನಲ್ಲಿ ನೀರಿದೆ ಅಂತ ಹೊಲಸು ಬಿಡುವುದು ಸರಿ ಆಗುವುದಿಲ್ಲ. 1974ರ ಜಲ ಕಾಯ್ದೆಯಲ್ಲಿ ನವೆಂಬರ್‌ಗೆ ರಿಯಾಯಿತಿ ಇಲ್ಲ. ರೈಟರ್ ಹೇಳಿದ್ದು ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಮಾತ್ರ.

ತೀರ್ಮಾನ ಹೀಗಾಯಿತು. ಉಳಿದ ರೋಬಸ್ಟಾ ಪೂರ್ತಿ ಕಣಕ್ಕೆ. ಅರೇಬಿಕಾಕ್ಕೆ ಮುಂದಿನ ಕುಯ್ಲಿನೊಳಗೆ ಕಡಿಮೆ ನೀರು ಕುಡಿಯುವ ಪಲ್ಪರ್, ಅದೇ ನೀರನ್ನು ತಿರುಗಿಸಿ ಬಳಸುವ ತೊಟ್ಟಿ, ಸರಿಯಾದ ಅಳತೆಯ ಕೊಳಗಳು. ಖರ್ಚೆಲ್ಲ ಕಂಪನಿಯ ಸ್ವಂತ ಲೆಕ್ಕದಿಂದ. ಒಬ್ಬ ಡೈರೆಕ್ಟರ್ “ಪರಿಸರ ರಕ್ಷಣೆ ಅಂತ ಸಿಎಸ್‌ಆರ್‌ಗೆ ಹಾಕಬಹುದಲ್ಲ” ಅಂದರು. ಆಡಿಟರ್ ಈ ಸಲ ಕನ್ನಡಕವನ್ನೂ ತೆಗೆಯಲಿಲ್ಲ, ಸುಮ್ನೆ ತಲೆ ಅಲ್ಲಾಡಿಸಿದರು.

ಇದು ಸಲೀಸಾಗಿ ಆಗಲಿಲ್ಲ. ಚೆರಿ ಒಣಗಲು ಎರಡು ವಾರದ ಹತ್ತಿರ ಬೇಕು, ಕಣ ಸಾಲಲಿಲ್ಲ, ಟಾರ್ಪಾಲ್ ಹಾಸಿ ಆಫೀಸಿನ ಅಂಗಳದಲ್ಲೆಲ್ಲ ಹರಡಿದೆವು. ದಿನಕ್ಕೆ ಎಷ್ಟು ಸಲ ಕೈಯಾಡಿಸಬೇಕು ಅಂತ ಗಲಾಟೆ. ಫೆಬ್ರವರಿ ಕೊನೆಗೆ ಹೂಮಳೆ ಬಂತು. ಗಿಡಕ್ಕೆ ಅದು ಅಮೃತ, ಕಣದ ಚೆರಿಗೆ ಶನಿ. ಒಂದು ರಾಶಿಗೆ ಬೂಷ್ಟು ಹಿಡಿದು ಕಡಿಮೆ ಬೆಲೆಗೆ ಹೋಯಿತು. ನಷ್ಟವನ್ನು ಬರೆದಿಟ್ಟಿದ್ದೇವೆ, ಮುಚ್ಚಿಟ್ಟಿಲ್ಲ.

ಮಾರ್ಚ್ ಎರಡನೇ ವಾರ ನಾನೊಬ್ಬನೇ ತೋಡಿನ ಹತ್ತಿರ ಹೋದೆ. ಒಂದೇ ಒಂದು ಏಡಿಯೂ ಕಾಣಲಿಲ್ಲ. ಎಲ್ಲ ಸತ್ತುಹೋದವೋ ಒಳಗೆ ಹೋದವೋ ಗೊತ್ತಾಗದೆ ಒಂದು ಕಲ್ಲು ಎತ್ತಿದೆ. ಬೆರಳು ಕಚ್ಚಿಸಿಕೊಂಡು ಬಂದೆ.

ಒಂಬತ್ತು ವರ್ಷ, ಇಪ್ಪತ್ತಾರು ವರ್ಷ

ಇಲ್ಲಿಗೆ ಮುಗಿದಿದ್ದರೆ ಇದು ನೀರಿನ ಕಥೆ ಆಗುತ್ತಿತ್ತು. ಆದರೆ ಆವತ್ತು ತೋಡಿನ ದಂಡೆಯಲ್ಲಿ ಅಜ್ಜಿ ಇನ್ನೊಂದು ಮಾತೂ ಹೇಳಿದ್ದರು. “ನಂಗೆ ಬರೋ ದುಡ್ಡು ಇನ್ನೂ ಬಂದಿಲ್ಲ ಅಯ್ಯಾ.”

ಗ್ರ್ಯಾಚುಟಿ. ಆಗಿದ್ದ 1972ರ ಕಾಯ್ದೆ ಪ್ರಕಾರ ಐದು ವರ್ಷ ಸತತವಾಗಿ ದುಡಿದವರಿಗೆ ಕೆಲಸ ಬಿಟ್ಟಾಗ ವರ್ಷಕ್ಕೆ 15 ದಿನದ ಕೂಲಿ ಲೆಕ್ಕದಲ್ಲಿ ಕೊಡಬೇಕಿತ್ತು, ಅದೂ 30 ದಿನದ ಒಳಗೆ, ತಡವಾದರೆ ಬಡ್ಡಿ. ಫೈಲ್ ತೆಗೆದು ನೋಡಿದೆ. ಈ ಅಜ್ಜಿಯೂ ಸೇರಿ 11 ಜನರದ್ದು ತಡೆಹಿಡಿದಿದ್ದರು. ಎಲ್ಲದರ ಮೇಲೂ ಒಂದೇ ಷರಾ: ‘ಲೈನ್ ಮನೆ ಖಾಲಿ ಮಾಡಿಲ್ಲ.’ ಅಜ್ಜಿ ಮಗಳ ಜೊತೆ ಹಾಡಿಯಲ್ಲಿದ್ದರು, ಆದರೆ ಮಗನ ಸಂಸಾರ ಲೈನ್ ಮನೆಯಲ್ಲೇ ಇತ್ತು.

ಆಫೀಸಿನವರ ವಾದ ಹೊರಗಿನಿಂದ ಕೇಳಿದರೆ ಸರಿ ಅನ್ನಿಸಬಹುದು. ಮನೆ ಬಿಡದಿದ್ದರೆ ಹೊಸ ಕೆಲಸದವರನ್ನು ಎಲ್ಲಿ ಇಡೋದು? ಆದರೆ ಕೊಡಗಿನಲ್ಲಿ ಲೈನ್ ಮನೆ ಬಿಡಿ ಅನ್ನೋದರ ಅರ್ಥವೇ ಬೇರೆ. ಅಲ್ಲೇ ಹುಟ್ಟಿದವರು, ಅಪ್ಪನೂ ಅಲ್ಲೇ ಹುಟ್ಟಿದವನು, ಬೇರೆ ವಿಳಾಸವೇ ಇಲ್ಲ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಅಲ್ಲಿ ಗುಡಿಸಲು ಹಾಕಿದ್ದವರಲ್ಲಿ ಎಷ್ಟೋ ಜನ ಲೈನ್ ಮನೆಗಳಿಂದ ಹೊರಬಂದವರೇ.

ಅಜ್ಜಿಯ ಕಾಗದದಲ್ಲಿ ಇನ್ನೊಂದು ತೊಡಕಿತ್ತು. ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಪ್ರಕಾರ ಅವರ ಸೇವೆ 9 ವರ್ಷ. ಅವರು ಹೇಳುವುದು 26. ಹಳೆ ಚೆಕ್‌ರೋಲ್ ತೆಗೆದರೆ ಕೆಲವನ್ನು ಗೆದ್ದಲು ತಿಂದಿತ್ತು, ಇರುವುದರಲ್ಲಿ ಅವರ ಹೆಸರು ಒಂದು ವರ್ಷ ಈ ಡಿವಿಷನ್‌ನಲ್ಲಿ, ಇನ್ನೊಂದು ವರ್ಷ ಆ ಡಿವಿಷನ್‌ನಲ್ಲಿ, ಮಧ್ಯೆ ಹೆಸರು ತೆಗೆದು ‘ಟೆಂಪರರಿ’ ಅಂತ ಮತ್ತೆ ಸೇರಿಸಿದ್ದು. ಬೇಕು ಅಂತಲೇ ಮಾಡಿದ್ದೋ, ಅಸಡ್ಡೆಯೋ, ಎರಡೂ ಇರಬಹುದು. ವರ್ಷಕ್ಕೆ 15 ದಿನ ಅಂದರೆ 9 ವರ್ಷಕ್ಕೆ 135 ದಿನದ ಕೂಲಿ, 26ಕ್ಕೆ 390. ವ್ಯತ್ಯಾಸ ಸಣ್ಣದಲ್ಲ.

ದಾರಿ ಸಿಕ್ಕಿದ್ದು ಸ್ಟೋರಿನಲ್ಲಿ. ಮಳೆಗಾಲಕ್ಕೆ ಮುಂಚೆ ತೋಟದ ಕೆಲಸದವರಿಗೆ ಕಂಬಳಿ ಕೊಡುವುದು ಹಳೆ ಪದ್ಧತಿ, ಮಳೆ ಚಳಿಯಿಂದ ರಕ್ಷಣೆಗೆ ಕೊಡೆಯೋ ಕಂಬಳಿಯೋ ಕೊಡುವ ಮಾತು ಪ್ಲಾಂಟೇಶನ್ ಕಾಯ್ದೆಯಲ್ಲೂ ಇತ್ತು. ಕಂಬಳಿ ಅಂದರೆ ಸ್ಟಾಕ್, ಸ್ಟಾಕ್ ಅಂದರೆ ದುಡ್ಡು, ಹಾಗಾಗಿ ಸ್ಟೋರ್ ಕೀಪರ್‌ಗಳು ಪ್ರತಿ ವರ್ಷ ಒಂದು ಪುಸ್ತಕ ಬರೆದಿದ್ದರು. ಕೆಂಪು ರಟ್ಟು, ನೀಲಿ ಗೆರೆ. ಹೆಸರು, ಗಂಡನ ಅಥವಾ ಅಪ್ಪನ ಹೆಸರು, ಕಂಬಳಿ ಒಂದು, ಪಕ್ಕದಲ್ಲಿ ಹೆಬ್ಬೆಟ್ಟು. 1995ರಿಂದ ಒಂದು ವರ್ಷವೂ ತಪ್ಪಿಲ್ಲ. ನುಸಿಗುಳಿಗೆ ಹಾಕಿ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಆಳಿನ ಲೆಕ್ಕ ಗೆದ್ದಲು ತಿಂದಿತ್ತು, ಕಂಬಳಿಯ ಲೆಕ್ಕ ಜೋಪಾನ ಇತ್ತು.

ಪ್ರತಿ ಪುಸ್ತಕದಲ್ಲೂ ಅಜ್ಜಿಯ ಹೆಸರು, ಹೆಚ್ಚುಕಡಿಮೆ ಎಲ್ಲದರಲ್ಲೂ ಅದೇ ಹೆಬ್ಬೆಟ್ಟು. ಅಡ್ಡಕ್ಕೆ ಒಂದು ಗಾಯದ ಗೆರೆ ಇರುವ ಹೆಬ್ಬೆಟ್ಟು. 2003ರ ತನಕ ಆ ಗೆರೆ ಇಲ್ಲ, 2004ರಿಂದ ಇದೆ. ಆಮೇಲೆ ಕೇಳಿದೆ. ಕಪಾತು ಮಾಡುವಾಗ, ಅಂದರೆ ಗಿಡದ ರೆಂಬೆ ಸವರುವಾಗ, ಕತ್ತಿ ತಾಗಿದ್ದಂತೆ.

ವಕೀಲರು ತಕರಾರು ತೆಗೆದರು. ಕಂಬಳಿ ತಗೊಂಡದ್ದು ಜೂನ್‌ನಲ್ಲಿ ಇದ್ದರು ಅಂತ ಮಾತ್ರ ತೋರಿಸುತ್ತದೆ, ಗ್ರ್ಯಾಚುಟಿ ಲೆಕ್ಕಕ್ಕೆ ಬೇಕಾದ ಹಾಗೆ ವರ್ಷಕ್ಕೆ 240 ದಿನ ದುಡಿದರು ಅಂತ ಅಲ್ಲ. ಅವರ ಮಾತು ಸರಿಯೇ. ಆಗ ರೈಟರ್ ಕುಯ್ಲಿನ ತೂಕದ ಪುಸ್ತಕಗಳನ್ನು ಹುಡುಕಿ ತಂದರು. ಜೂನ್‌ನಲ್ಲಿ ಕಂಬಳಿ, ಜನವರಿಯಲ್ಲಿ ತೂಕ, ಎರಡೂ ಇರುವ ವರ್ಷವನ್ನು ಪೂರ್ತಿ ವರ್ಷ ಅಂತ ಒಪ್ಪಿಕೊಳ್ಳೋಣ ಅಂತ ಕಂಪನಿಯೇ ಒಂದು ನಿಯಮ ಮಾಡಿಕೊಂಡಿತು. “ಒಬ್ಬರಿಗೆ ಕೊಟ್ಟರೆ ಎಲ್ಲರೂ ಬರ್ತಾರೆ” ಅನ್ನುವ ಹೆದರಿಕೆ ಇದ್ದೇ ಇತ್ತು. ಬರಲಿ, ಬರಬೇಕಾದವರೇ ಅಲ್ವಾ ಅಂದೆ. ಆದರೆ ಮೀಟಿಂಗನ್ನು ಗೆದ್ದದ್ದು ಆ ಮಾತಲ್ಲ. ಕಾರ್ಮಿಕ ಇಲಾಖೆಯ ಪ್ರಾಧಿಕಾರದ ಮುಂದೆ ಹೋದರೆ ಬಡ್ಡಿ ಸೇರಿ ಎಷ್ಟಾಗುತ್ತದೆ ಅಂತ ವಕೀಲರು ಬರೆದುಕೊಟ್ಟ ಒಂದು ಚೀಟಿ. ಒಳ್ಳೆಯ ಕೆಲಸಗಳು ಇಂಥ ಚೀಟಿಗಳಿಂದಲೂ ಆಗುತ್ತವೆ, ನನಗೇನೂ ಬೇಜಾರಿಲ್ಲ.

ಆ ನಿಯಮದಲ್ಲಿ ಅಜ್ಜಿಗೆ 23 ವರ್ಷ ಸಿಕ್ಕಿತು. ಮೂರು ವರ್ಷ ಸಿಗಲಿಲ್ಲ, ಆ ವರ್ಷಗಳ ತೂಕದ ಪುಸ್ತಕ ಇರಲಿಲ್ಲ. ಇದು ಪೂರ್ತಿ ನ್ಯಾಯ ಅಂತ ನಾನು ಹೇಳುವುದಿಲ್ಲ.

ಆಮೇಲೆ ಏನಾಯಿತು

ಗ್ರ್ಯಾಚುಟಿಗೂ ಮನೆಗೂ ಗಂಟು ಹಾಕಬಾರದು, ಮೊದಲು ದುಡ್ಡು ಕೊಡೋಣ, ಮನೆಯ ಮಾತು ಆಮೇಲೆ ಅಂತ ಆಯಿತು. 11ರಲ್ಲಿ 9 ಜನರಿಗೆ ಆ ವರ್ಷವೇ ಕೊಟ್ಟರು. ಇಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು, ವಾರಸುದಾರರ ಕಾಗದಕ್ಕೆ ಇನ್ನೂ ಓಡಾಟ ನಡೆದಿದೆ.

ಯಾರೂ ನಿರೀಕ್ಷೆ ಮಾಡದ ಒಂದು ವಿಷಯ ನಡೆಯಿತು. ದುಡ್ಡು ಕೈಗೆ ಬಂದ ಆರು ತಿಂಗಳಲ್ಲಿ ನಾಲ್ಕು ಕುಟುಂಬ ತಾವಾಗಿಯೇ ಲೈನ್ ಮನೆ ಖಾಲಿ ಮಾಡಿದವು. ಒಬ್ಬರು ಕುಶಾಲನಗರದ ಕಡೆ ಸಣ್ಣ ಮನೆ ಭೋಗ್ಯಕ್ಕೆ ಹಿಡಿದರು, ಇಬ್ಬರು ಹಾಡಿಯಲ್ಲಿದ್ದ ಮನೆಗೆ ಗೋಡೆ ಎಬ್ಬಿಸಿದರು, ಇನ್ನೊಬ್ಬರು ಮಗಳ ಊರಿಗೆ ಹೋದರು. ಮನೆ ಬಿಡಿಸಬೇಕು ಅಂತ ವರ್ಷಗಟ್ಟಲೆ ತಡೆದಿಟ್ಟ ದುಡ್ಡೇ ಅವರು ಮನೆ ಬಿಡದಿರಲು ಕಾರಣ ಆಗಿತ್ತು. ಬೇರೆ ತೋಟದವರು ಈ ಪ್ರಕರಣದಿಂದ ಒಂದೇ ಒಂದು ವಿಷಯ ತಗೊಳ್ಳುವುದಾದರೆ ಇದನ್ನು ತಗೊಳ್ಳಲಿ. ಉಳಿದವರು ಇನ್ನೂ ಅಲ್ಲೇ ಇದ್ದಾರೆ. ಅವರಿಗೆ ಏನು ಮಾಡಬೇಕು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಜಾಗ ಕೊಡುವುದು ಕಂಪನಿಯೊಂದರ ಕೈಯಲ್ಲಿ ಆಗುವ ಕೆಲಸವೂ ಅಲ್ಲ.

ಲೈನ್ ಮನೆಯ ಒಂದು ಸಾಲಿಗೆ ಹೊಸ ಶೀಟ್ ಬಂತು. ಎರಡನೇ ಸಾಲಿಗೆ ‘ಮುಂದಿನ ವರ್ಷ’.

ಅಂದ ಹಾಗೆ ಆ 8 ಲಕ್ಷ? ಪಕ್ಕದ ಸರ್ಕಾರಿ ಶಾಲೆಗೆ ಶೌಚಾಲಯ ಮತ್ತು ಶುದ್ಧ ನೀರಿನ ಘಟಕ. ನಮ್ಮ ಕೆಲಸದವರ ಮಕ್ಕಳೂ, ಊರಿನವರ ಮಕ್ಕಳೂ ಓದುವ ಶಾಲೆ. ಮಾರ್ಚ್ 28ಕ್ಕೆ ಬಿಲ್ ಪಾಸಾಯಿತು. ಕಂಪನಿಯ ಹೆಸರಿನ ಬೋರ್ಡ್ ಇದೆ, ಚಿಕ್ಕದು. ಇದರ ಬಗ್ಗೆ ಇನ್ನು ಜಾಸ್ತಿ ಬರೆಯುವುದಕ್ಕೇನೂ ಇಲ್ಲ, ನಿಜ ಹೇಳಬೇಕೆಂದರೆ ಇಡೀ ಪ್ರಕರಣದಲ್ಲಿ ಅತ್ಯಂತ ಸುಲಭದ ಭಾಗ ಅದೇ ಆಗಿತ್ತು.

ಅಜ್ಜಿಗೆ ಚೆಕ್ ಕೊಟ್ಟ ದಿನ ಸಹಿಗೆ ಅಂತ ಆಫೀಸಿಗೆ ಕರೆದಿದ್ದೆವು. ಮೇಜಿನ ಮೇಲೆ ಕಂಬಳಿ ಪುಸ್ತಕಗಳು ಹರಡಿಕೊಂಡಿದ್ದವು. ಅವರಿಗೆ ಓದಲು ಬರುವುದಿಲ್ಲ, ಆದರೆ ತನ್ನ ಹೆಬ್ಬೆಟ್ಟು ಗುರುತು ಸಿಗುತ್ತದೆ. ಒಂದೊಂದೇ ಪುಸ್ತಕ ತಿರುವಿ ನೋಡುತ್ತಾ ಬಂದರು. ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ನಂದು ಇಲ್ಲ.”

ನೋಡಿದೆ. 2018. ಹೆಸರು ಇದೆ, ಹೆಬ್ಬೆಟ್ಟಿನ ಜಾಗ ಖಾಲಿ. ಪಕ್ಕದಲ್ಲಿ ಸ್ಟೋರ್ ಕೀಪರ್ ಅಕ್ಷರ: ‘ಬಾಕಿ.’ ಆ ವರ್ಷ ಕಂಬಳಿಯ ಎರಡನೇ ಲೋಡ್ ತಡವಾಗಿ ಬಂದಿತ್ತಂತೆ. ಬರುವಷ್ಟರಲ್ಲಿ ಆಗಸ್ಟ್, ಮಡಿಕೇರಿ ಕಡೆ ಗುಡ್ಡ ಕುಸಿದು ಜನ ಪರಿಹಾರ ಕೇಂದ್ರಗಳಲ್ಲಿ ಕೂತಿದ್ದರು. ಕಂಪನಿ ಆ ಲೋಡ್ ಪೂರ್ತಿ ಅಲ್ಲಿಗೆ ಕಳಿಸಿತು. ಪುಟದ ಕೆಳಗೆ ಅದನ್ನೂ ಬರೆದಿತ್ತು: ‘ಸಂತ್ರಸ್ತರಿಗೆ, 60.’ ಓದಿ ಹೇಳಿದೆ.

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದರು.

“ಅವರಿಗೆ ಕೊಟ್ಟಿದ್ದು ಒಳ್ಳೇದಾಯ್ತು ಬಿಡಿ. ಪಾಪ, ಮನೆ ಹೋದವರು” ಅಂದರು. ಚೆಕ್ ಮಡಚಿ ಎಲೆ ಅಡಿಕೆ ಚೀಲದೊಳಗೆ ಇಟ್ಟುಕೊಂಡರು. ಬಾಗಿಲ ತನಕ ಹೋಗಿ ತಿರುಗಿದರು.

“ನನ್ನ ಕಂಬಳಿ ಯಾವಾಗ ಕೊಡ್ತೀರಿ?”

ರೈಟರ್ ಸ್ಟೋರಿನ ಬೀಗದಕೈ ಹುಡುಕಲು ಎದ್ದರು.